ಕೆಸರಿನ ರಸ್ತೆ, ಶಾಲೆಯ ತೆರಿಗೆ, ಹಿತ್ತಿಲಿನ ಕರಡಿ: ವರ್ಮಾಂಟ್‌ನಿಂದ ಬಂದ ಪ್ರಶ್ನೆಗಳು

ಈ ಸಲದ ಪತ್ರಗಳೆಲ್ಲ ಅಮೆರಿಕದ ವರ್ಮಾಂಟ್ ರಾಜ್ಯದ ಬಗ್ಗೆಯೇ. ಅಲ್ಲಿ ಮನೆ ಮಾಡಿರುವ ಕನ್ನಡದವರು ಬರೆದಿದ್ದಾರೆ, ಅವರ ಅಪ್ಪ ಅಮ್ಮಂದಿರೂ ಬರೆದಿದ್ದಾರೆ. ತುಂಬ ವರ್ಷದಿಂದ ನಾನೂ ಅಲ್ಲೇ ಇರುವುದರಿಂದ ಸಂಪಾದಕರು ಕಟ್ಟು ಹಾಗೇ ನನಗೆ ಕಳಿಸಿದರು. 2020ರ ಜನಗಣತಿಯಲ್ಲಿ ಇಡೀ ರಾಜ್ಯಕ್ಕೆ ಸಿಕ್ಕಿದ್ದು ಸುಮಾರು 6 ಲಕ್ಷ 43 ಸಾವಿರ ಜನ. ಅದರಲ್ಲಿ ನೂರಕ್ಕೆ 65 ಜನ ಇರುವುದು ಹಳ್ಳಿಗಾಡಿನಲ್ಲಿ. ಅಮೆರಿಕದಲ್ಲಿ ಇಷ್ಟು ಹಳ್ಳಿಯಾಗಿರುವ ರಾಜ್ಯ ಬೇರೆ ಇಲ್ಲ. ರಾಜಧಾನಿ ಮಾಂಟ್‌ಪೀಲಿಯರ್‌ನಲ್ಲೇ ಇರುವುದು 8 ಸಾವಿರದಷ್ಟು ಜನ. ಹಾಗಾಗಿ ಪ್ರಶ್ನೆಗಳೂ ಹಳ್ಳಿಯವೇ: ರಸ್ತೆ, ಶಾಲೆ, ಕಾಡು, ನೀರು, ಪಕ್ಕದ ಮನೆಯವರು.

ಪ್ರಶ್ನೆ: ಅಕ್ಕಾ, ಹೋದ ಆಗಸ್ಟ್‌ನಲ್ಲಿ ಬೆಟ್ಟದ ಮೇಲೆ ಒಂದು ಮನೆ ತಗೊಂಡ್ವಿ. ಮನೆಗೆ ಹೋಗೋದು ಮಣ್ಣಿನ ರಸ್ತೆ. ಆಗ ಗಟ್ಟಿಯಾಗಿ ಚೆನ್ನಾಗೇ ಇತ್ತು. ಮಾರ್ಚ್ ಕೊನೆಗೆ ಕಾರು ಎರಡು ಸಲ ಹೂತುಹೋಯಿತು. ಇಷ್ಟು ತೆರಿಗೆ ಕಟ್ಟುತ್ತೇವೆ, ಊರಿನವರು ಡಾಂಬರು ಹಾಕಬಾರದಾ?
— ಹೊಸದಾಗಿ ಮನೆ ಕೊಂಡ ತಂಗಿ

ಉತ್ತರ: ಮೊದಲ ವರ್ಷ ನಾನೂ ಇದೇ ಪ್ರಶ್ನೆ ಕೇಳಿದ್ದೆ, ಅದೂ ಸಿಟ್ಟಿನಲ್ಲಿ. ರಸ್ತೆಯ ಕೆಳಗೆ ಏನಾಗುತ್ತದೆ ಅಂತ ಗೊತ್ತಾದ ಮೇಲೆ ಸಿಟ್ಟು ಸ್ವಲ್ಪ ಇಳಿಯಿತು. ಚಳಿಗಾಲದಲ್ಲಿ ಇಲ್ಲಿ ನೆಲ ಮೂರು ನಾಲ್ಕು ಅಡಿ ಆಳದವರೆಗೆ ಕಲ್ಲಿನ ಹಾಗೆ ಹೆಪ್ಪುಗಟ್ಟುತ್ತದೆ. ಮಾರ್ಚ್ ಬಿಸಿಲಿಗೆ ಅದು ಕರಗಲು ಶುರುವಾಗುವುದು ಮೇಲಿಂದ. ಮೇಲಿನ ಒಂದಡಿ ಕರಗಿ ನೀರಾಗಿರುತ್ತದೆ, ಕೆಳಗಿನ ಎರಡಡಿ ಇನ್ನೂ ಮಂಜುಗಡ್ಡೆ. ನೀರಿಗೆ ಕೆಳಗೆ ಇಳಿಯಲು ದಾರಿ ಇಲ್ಲ. ಅದು ಅಲ್ಲೇ ನಿಂತು ಮಣ್ಣಿನ ಜೊತೆ ಕಲಸಿ ಗಂಜಿಯ ಹಾಗಾಗುತ್ತದೆ. ಅದರ ಮೇಲೆ ನಾಲ್ಕು ಗಾಡಿ ಓಡಿದರೆ ಮೊಣಕಾಲುದ್ದದ ಹಳ್ಳ ಬೀಳುತ್ತದೆ. ಇದಕ್ಕೇ ಇಲ್ಲಿನವರು ಮಡ್ ಸೀಸನ್ ಅನ್ನುವುದು. ಚಳಿಗಾಲ ಮುಗಿದ ಮೇಲೆ, ವಸಂತ ಬರುವ ಮೊದಲು, ಇದನ್ನೂ ಒಂದು ಋತು ಅಂತಲೇ ಎಣಿಸುತ್ತಾರೆ.

ರಾಜ್ಯದ ರಸ್ತೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಣ್ಣಿನವೇ. ಮಣ್ಣಿನ ಮೇಲೆ ಸುಮ್ನೆ ಡಾಂಬರು ಎಳೆದರೆ ಎರಡು ಚಳಿಗಾಲಕ್ಕೆ ಅದು ಉಬ್ಬಿ ಒಡೆದುಹೋಗುತ್ತದೆ, ಯಾಕಂದರೆ ಅಡಿಯ ನೆಲ ಹೆಪ್ಪುಗಟ್ಟಿದಾಗ ಮೇಲಕ್ಕೆ ಏಳುತ್ತದೆ. ಸರಿಯಾಗಿ ಮಾಡಬೇಕು ಅಂದರೆ ಅಡಿಯಿಂದ ಅಗೆದು, ಜಲ್ಲಿ ತುಂಬಿ, ಪಕ್ಕದಲ್ಲಿ ಚರಂಡಿ ತೋಡಬೇಕು. ಒಂದು ಸಾವಿರ ಜನರ ಊರು ಅದನ್ನು ಎಲ್ಲ ರಸ್ತೆಗೂ ಮಾಡಲು ಆಗುವುದಿಲ್ಲ. ಇನ್ನೊಂದು ವಿಷಯ ನಿಮಗೆ ಆಶ್ಚರ್ಯ ಅನಿಸಬಹುದು: ನಿಮ್ಮ ರಸ್ತೆಯಲ್ಲೇ ಡಾಂಬರು ಬೇಡ ಅನ್ನುವವರು ಖಂಡಿತ ಇರುತ್ತಾರೆ. ಡಾಂಬರು ಬಂದರೆ ಕಾರುಗಳು ಜೋರಾಗಿ ಓಡುತ್ತವೆ, ಕುದುರೆ ನಡೆಸಲು ಆಗಲ್ಲ, ಮಕ್ಕಳನ್ನು ಬಿಡಲು ಆಗಲ್ಲ ಅನ್ನುತ್ತಾರೆ. ಅವರ ಮಾತಿನಲ್ಲೂ ನಿಜ ಇದೆ.

ಕೇಳಬೇಕಾದ್ದು ಡಾಂಬರಲ್ಲ, ಜಲ್ಲಿ ಮತ್ತು ಚರಂಡಿ. ನಿಮ್ಮ ರಸ್ತೆಯಲ್ಲಿ ಪ್ರತಿ ವರ್ಷ ಹೂಳುವ ಜಾಗ ಎರಡೋ ಮೂರೋ ಇರುತ್ತವೆ, ಪೂರ್ತಿ ರಸ್ತೆ ಅಲ್ಲ. ಆ ಜಾಗಗಳ ಫೋಟೋ ತೆಗೆದು, ಯಾವ ದಿನ ಅಂತ ಬರೆದಿಟ್ಟುಕೊಂಡು, ಊರಿನ ರಸ್ತೆ ಕೆಲಸ ನೋಡಿಕೊಳ್ಳುವ ರೋಡ್ ಫೋರ್‌ಮನ್‌ಗೆ ತೋರಿಸಿ. ಆಮೇಲೆ ಊರಿನ ಆಡಳಿತ ನಡೆಸುವ ಮಂಡಳಿ, ಅಂದರೆ ಸೆಲೆಕ್ಟ್‌ಬೋರ್ಡ್, ಅದರ ಸಭೆಯಲ್ಲಿ ಎದ್ದು ನಿಂತು ಕೇಳಿ. ನಮ್ಮ ರಸ್ತೆಯ ಒಂದು ತಿರುವಿಗೆ ಹೀಗೆ ಕೇಳಿ ಕೇಳಿ ಮೂರನೇ ವರ್ಷಕ್ಕೆ ರಸ್ತೆಗೆಂದೇ ಇರುವ ಗಟ್ಟಿ ಬಟ್ಟೆ ಹಾಸಿ ಜಲ್ಲಿ ತುಂಬಿಸಿಕೊಂಡೆವು. ಈಗ ಅಲ್ಲಿ ಹೂಳುವುದಿಲ್ಲ.

ಅಲ್ಲಿಯವರೆಗೆ ಬೆಳಗ್ಗೆ ಬೇಗ ಹೊರಡಿ, ರಾತ್ರಿಯ ಚಳಿಗೆ ರಸ್ತೆ ಗಟ್ಟಿಯಾಗಿರುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಅದೇ ರಸ್ತೆ ಬೇರೆಯೇ ರಸ್ತೆ. ಹಳೆಯ ಹಳ್ಳದೊಳಗೆ ಚಕ್ರ ಇಳಿಸಬೇಡಿ, ದಿಬ್ಬದ ಮೇಲೇ ಓಡಿಸಿ. ಮಧ್ಯೆ ನಿಲ್ಲಿಸಬೇಡಿ. ಹೂತರೆ ಆಕ್ಸಲರೇಟರ್ ಒತ್ತಬೇಡಿ, ಇನ್ನೂ ಕೆಳಗೆ ಹೋಗುತ್ತದೆ. ನಾನು ಮೊದಲ ಸಲ ಹೂತಾಗ ಬಾಗಿಲು ತೆಗೆದರೆ ಕೆಸರು ನೇರ ಒಳಗೆ ಸುರಿಯಿತು. ಕಾಲಿನ ಬೂಟು ಕೆಸರಲ್ಲೇ ಉಳಿಯಿತು, ಕಾಲು ಮಾತ್ರ ಈಚೆ ಬಂತು. ಟ್ರ್ಯಾಕ್ಟರ್ ಮತ್ತು ಸರಪಳಿ ತಂದು ಎಳೆದವರು ಕೆಳಗಿನ ಹೈನು ಫಾರ್ಮಿನವರು. ಎರಡು ವಾರದ ಹಿಂದಷ್ಟೇ ಊರಿನ ಸಭೆಯಲ್ಲಿ ನನ್ನ ಮಾತಿಗೆ ಎದುರು ನಿಂತು ಕೈ ಎತ್ತಿದ್ದವರು ಅವರು. ದುಡ್ಡು ಕೊಡಲು ಹೋದರೆ ಮುಖ ತಿರುಗಿಸಿದರು. ಇದನ್ನು ನಾನು ಮರೆತಿಲ್ಲ.

ಅಂದ ಹಾಗೆ, ರಾತ್ರಿ ಹೆಪ್ಪು ಹಗಲು ಕರಗು ಅನ್ನುವ ಇದೇ ಹವೆಯಲ್ಲೇ ಮೇಪಲ್ ಮರದಲ್ಲಿ ರಸ ಹರಿಯುವುದು. 40 ಲೀಟರ್ ರಸ ಕುದಿಸಿದರೆ ಒಂದು ಲೀಟರ್ ಸಿರಪ್. ಅಮೆರಿಕದ ಮೇಪಲ್ ಸಿರಪ್‌ನಲ್ಲಿ ಅರ್ಧದಷ್ಟು ಈ ಪುಟ್ಟ ರಾಜ್ಯದ್ದೇ. ರಸ್ತೆ ಹಾಳಾಗುವ ವಾರದಲ್ಲೇ ಊರಿಗೆ ಈ ಆದಾಯ ಬರುತ್ತದೆ.

ಪ್ರಶ್ನೆ: ನಮ್ಮ ಊರಿನಲ್ಲಿ ಮಾರ್ಚ್‌ನಲ್ಲಿ ಟೌನ್ ಮೀಟಿಂಗ್ ಅಂತ ಆಗುತ್ತದೆ. ನನಗೆ ಗ್ರೀನ್ ಕಾರ್ಡ್ ಇದೆ, ಪೌರತ್ವ ಇಲ್ಲ. ಹೋದರೆ ಯಾರಾದರೂ ಏನಾದರೂ ಅಂದುಕೊಳ್ಳುತ್ತಾರಾ? ರಜೆ ಸಿಗುತ್ತದಾ?
— ಆಸ್ಪತ್ರೆಯಲ್ಲಿ ಕೆಲಸ ಮಾಡುವ ಓದುಗರು

ಉತ್ತರ: ಹೋಗಿ. ದಯವಿಟ್ಟು ಹೋಗಿ. ಊರಿನ ಮತದಾರರೇ ಸೇರಿ ಊರಿನ ಖರ್ಚು ತೀರ್ಮಾನಿಸುವ ಸಭೆ ಇದು. ಮಾರ್ಚ್ ತಿಂಗಳ ಮೊದಲ ಮಂಗಳವಾರ ಅದರ ದಿನ. ಕೆಲವು ಊರುಗಳು ಮಾತ್ರ ಹಿಂದಿನ ಶನಿವಾರವೋ ಸೋಮವಾರ ಸಂಜೆಯೋ ಸೇರುತ್ತವೆ. ಶಾಲೆಯ ಜಿಮ್‌ನಲ್ಲೋ ಟೌನ್ ಹಾಲ್‌ನಲ್ಲೋ ಮಡಚುವ ಕುರ್ಚಿ ಹಾಕಿರುತ್ತಾರೆ. ಬಾಗಿಲಲ್ಲಿ ಊರಿನ ವರದಿಯ ಪುಸ್ತಕ ಕೊಡುತ್ತಾರೆ. ಹೊಸ ಟ್ರಕ್ಕಿಗೆ ಎಷ್ಟು, ಲೈಬ್ರರಿಗೆ ಎಷ್ಟು, ಉಪ್ಪು ಮರಳಿಗೆ ಎಷ್ಟು ಎಲ್ಲ ಅದರಲ್ಲಿ ಇರುತ್ತದೆ. ಸಭೆ ನಡೆಸುವ ಮಾಡರೇಟರ್ ಒಂದೊಂದೇ ವಿಷಯ ಓದುತ್ತಾರೆ. ಒಪ್ಪುವವರು ‘ಆಯ್’ ಅನ್ನುತ್ತಾರೆ, ಒಪ್ಪದವರು ‘ನೇ’. ಸದ್ದಿನಲ್ಲಿ ತಿಳಿಯದಿದ್ದರೆ ಎಲ್ಲರನ್ನೂ ಎಬ್ಬಿಸಿ ತಲೆ ಎಣಿಸುತ್ತಾರೆ.

ಮತ ಹಾಕಲು ಸಾಮಾನ್ಯವಾಗಿ ಪೌರತ್ವ ಬೇಕು. ಆದರೆ ಮೂರು ಊರುಗಳ ಮಾತು ಬೇರೆ. ಮಾಂಟ್‌ಪೀಲಿಯರ್ ಮತ್ತು ವಿನೂಸ್ಕಿ ಊರುಗಳು ಕಾನೂನುಬದ್ಧವಾಗಿ ನೆಲೆಸಿದ ಪೌರರಲ್ಲದವರಿಗೂ ಊರಿನ ಮತದಾನಕ್ಕೆ ಅವಕಾಶ ಕೊಟ್ಟವು. 2021ರಲ್ಲಿ ಗವರ್ನರ್ ಅದನ್ನು ತಡೆದರೂ ಶಾಸಕರು ಮೀರಿ ಪಾಸು ಮಾಡಿದರು. 2023ರಲ್ಲಿ ಬರ್ಲಿಂಗ್ಟನ್ ಕೂಡ ಸೇರಿತು. ನೀವು ಅಲ್ಲಿದ್ದರೆ ಟೌನ್ ಕ್ಲರ್ಕ್ ಹತ್ತಿರ ಕೇಳಿ ಹೆಸರು ಬರೆಸಿ. ಬೇರೆ ಊರಾದರೆ ಕೂತು ಕೇಳಲು ಯಾರ ಅಡ್ಡಿಯೂ ಇಲ್ಲ. ಮಾತಾಡಬೇಕು ಅಂದರೆ ಸಭೆ ಒಪ್ಪಬೇಕು. ನಾನು ಕಂಡ ಹಾಗೆ ಕೇಳಿದವರಿಗೆ ಬೇಡ ಅಂದಿದ್ದು ಒಮ್ಮೆಯೂ ಇಲ್ಲ.

ಈ ಸಭೆಗೆ ಹೋಗಲು ಸಂಬಳವಿಲ್ಲದ ರಜೆ ಕೇಳುವ ಹಕ್ಕು ರಾಜ್ಯದ ಕಾನೂನಿನಲ್ಲೇ ಇದೆ. ಏಳು ದಿನ ಮೊದಲು ಹೇಳಬೇಕು. ನೀವಿಲ್ಲದೆ ಅತ್ಯಗತ್ಯ ಕೆಲಸ ನಿಂತುಹೋಗುವಂತಿದ್ದರೆ ಮಾತ್ರ ಅವರು ಇಲ್ಲ ಅನ್ನಬಹುದು. ಆಸ್ಪತ್ರೆ ಆದ್ದರಿಂದ ಡ್ಯೂಟಿ ಬದಲಿಸಿಕೊಳ್ಳುವುದನ್ನು ಮೊದಲೇ ಮಾತಾಡಿಟ್ಟುಕೊಳ್ಳಿ.

ಈಗ ಹಲವು ಊರುಗಳಲ್ಲಿ ಇದೇ ದೊಡ್ಡ ಜಗಳ: ಕೂತು ಚರ್ಚೆ ಮಾಡಿ ಕೈ ಎತ್ತುವುದನ್ನು ಬಿಟ್ಟು ದಿನವಿಡೀ ಚೀಟಿ ಹಾಕುವ ಪದ್ಧತಿಗೆ ಹೋಗೋಣ ಅಂತ. ಚೀಟಿ ಆದರೆ ಕೆಲಸಕ್ಕೆ ಹೋಗುವವರು, ಎಳೆ ಮಗುವಿನ ತಾಯಿ, ಮಂಚ ಹಿಡಿದ ಮುದುಕರು ಎಲ್ಲರೂ ಮತ ಹಾಕಬಹುದು. ಅದು ಸಣ್ಣ ವಿಷಯ ಅಲ್ಲ. ಆದರೂ ನನ್ನ ಮನಸ್ಸು ಹಳೆಯದರ ಕಡೆಗೇ ಇದೆ. ಚೀಟಿಯಲ್ಲಿ ಹೌದು ಅಥವಾ ಇಲ್ಲ ಅಷ್ಟೇ. ಸಭೆಯಲ್ಲಾದರೆ ‘ಈ ಟ್ರಕ್ಕು ಇನ್ನೊಂದು ವರ್ಷ ಓಡುತ್ತದಾ?’ ಅಂತ ಅದನ್ನು ಓಡಿಸುವವನನ್ನೇ ಕೇಳಬಹುದು, ಅವನು ಎದ್ದು ನಿಂತು ಹೇಳುತ್ತಾನೆ, ಮೊತ್ತವನ್ನು ಅಲ್ಲೇ ತಿದ್ದಬಹುದು. ಇದೇ ಸಭೆಗಳಲ್ಲಿ 1982ರಲ್ಲಿ 150ಕ್ಕೂ ಹೆಚ್ಚು ಊರುಗಳು ಅಣ್ವಸ್ತ್ರ ನಿಲ್ಲಿಸಿ ಅಂತ ನಿರ್ಣಯ ಮಾಡಿದ್ದವು. ಶನಿವಾರ ಸಭೆ ಇಟ್ಟು, ಮಕ್ಕಳನ್ನು ನೋಡಿಕೊಳ್ಳಲು ಒಂದು ಕೋಣೆ ಮಾಡಿ, ಆಮೇಲೂ ಜನ ಬರದಿದ್ದರೆ ಚೀಟಿಯ ಮಾತು ಆಡೋಣ ಅನ್ನುವುದು ನನ್ನ ವಾದ. ನಮ್ಮ ಊರಿನಲ್ಲಿ ಇದನ್ನು ಎದ್ದು ನಿಂತು ಹೇಳಿದ್ದೇನೆ.

ಪ್ರಶ್ನೆ: ಅಮ್ಮಾ, ಹೋದ ಸಲ ನಮ್ಮ ಶಾಲೆಯ ಬಜೆಟ್ ಬೇಡ ಅಂತ ಮತ ಹಾಕಿದೆ. ತೆರಿಗೆ ತಡೆಯಲು ಆಗುತ್ತಿಲ್ಲ. ಈಗ ಶಾಲೆ ಮುಚ್ಚುವ ಮಾತು ಬಂದಿದೆ, ನನ್ನ ಮಗಳು ಮೂರನೇ ಕ್ಲಾಸು. ರಾತ್ರಿ ನಿದ್ದೆ ಬರುತ್ತಿಲ್ಲ. ನಾನು ತಪ್ಪು ಮಾಡಿದೆನಾ?
— ಮೂರನೇ ಕ್ಲಾಸಿನ ಹುಡುಗಿಯ ಅಪ್ಪ

ಉತ್ತರ: ತಪ್ಪು ಮಾಡಿಲ್ಲಪ್ಪಾ. 2024ರ ಮಾರ್ಚ್‌ನಲ್ಲಿ ರಾಜ್ಯದ ಶಾಲಾ ಬಜೆಟ್‌ಗಳಲ್ಲಿ ಸುಮಾರು ಮೂರರಲ್ಲೊಂದು ಮೊದಲ ಮತದಾನದಲ್ಲೇ ಬಿದ್ದವು. ಆ ವರ್ಷ ಶಾಲೆಯ ಆಸ್ತಿ ತೆರಿಗೆ ಸರಾಸರಿ 13.8 ಪರ್ಸೆಂಟ್ ಏರಿತು. ಕೈ ಸುಟ್ಟವರು ಬೇಡ ಅಂದಿದ್ದಾರೆ, ಅದರಲ್ಲಿ ಆಶ್ಚರ್ಯ ಏನಿದೆ?

ಆದರೆ ಲೆಕ್ಕ ಹೇಗೆ ಓಡುತ್ತದೆ ಅಂತ ಗೊತ್ತಿರಬೇಕು. ಮೊದಲು ಊರಿನ ಶಾಲೆ ಊರಿನ ತೆರಿಗೆಯಲ್ಲೇ ನಡೆಯುತ್ತಿತ್ತು. ಸ್ಕೀ ಬೆಟ್ಟ ಇರುವ ಊರಿನಲ್ಲಿ ದುಡ್ಡು ತುಂಬಿತ್ತು, ಪಕ್ಕದ ಊರಿನ ಮಕ್ಕಳಿಗೆ ಪುಸ್ತಕಕ್ಕೂ ಕಷ್ಟ. 1997ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಬ್ರಿಗಮ್ ಕೇಸಿನಲ್ಲಿ ಇದು ಸಂವಿಧಾನಕ್ಕೆ ವಿರುದ್ಧ ಅಂದಿತು. ಅದೇ ವರ್ಷ ಆಕ್ಟ್ 60 ಅನ್ನುವ ಕಾನೂನು ಬಂತು. ಅಲ್ಲಿಂದ ಶಾಲೆಯ ಹಣ ರಾಜ್ಯದ ಒಂದೇ ಹುಂಡಿಗೆ ಹೋಗಿ, ಅಲ್ಲಿಂದ ಹಂಚಿಕೆಯಾಗುತ್ತದೆ. ಹಾಗಾಗಿ ನಿಮ್ಮ ಊರು ಖರ್ಚು ಕಡಿಮೆ ಮಾಡಿದರೂ ಬೇರೆ ಊರುಗಳೆಲ್ಲ ಜಾಸ್ತಿ ಮಾಡಿದರೆ ನಿಮ್ಮ ಬಿಲ್ಲು ಏರಬಹುದು. ಇನ್ನೊಂದು ಒಳಗುಟ್ಟು ಇದೆ. ಊರಿನ ಮನೆಗಳ ಬೆಲೆ ಪಟ್ಟಿ ಹಳೆಯದಾಗಿ, ಮಾರುಕಟ್ಟೆಯಲ್ಲಿ ಬೆಲೆ ಏರಿಬಿಟ್ಟಿದ್ದರೆ, ಅದನ್ನು ಸರಿದೂಗಿಸಲು ತೆರಿಗೆ ದರವನ್ನು ಮೇಲೆತ್ತುತ್ತಾರೆ. ಕೋವಿಡ್ ನಂತರ ಹೊರಗಿನವರು ಬಂದು ಮನೆ ಕೊಂಡರಲ್ಲ, ಆಗ ಆಗಿದ್ದು ಇದೇ. ಸಿಬ್ಬಂದಿಯ ಆರೋಗ್ಯ ವಿಮೆಯೂ ಏರುತ್ತಲೇ ಇದೆ. ಮಕ್ಕಳು ಮಾತ್ರ ಕಡಿಮೆ ಆಗುತ್ತಿದ್ದಾರೆ. 1990ರ ದಶಕದ ಕೊನೆಯಲ್ಲಿ ಶಾಲೆಗಳಲ್ಲಿ ಲಕ್ಷಕ್ಕೂ ಮೇಲೆ ಮಕ್ಕಳಿದ್ದರು, ಈಗ ಆ ಲೆಕ್ಕದ ಹತ್ತಿರವೂ ಇಲ್ಲ.

2025ರಲ್ಲಿ ಆಕ್ಟ್ 73 ಬಂದಿದೆ. ನೂರಕ್ಕೂ ಹೆಚ್ಚಿರುವ ಶಾಲಾ ಜಿಲ್ಲೆಗಳನ್ನು ಕೂಡಿಸಿ ದೊಡ್ಡದು ಮಾಡಬೇಕು ಅನ್ನುವುದು ಅದರ ದಾರಿ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಹೈಸ್ಕೂಲುಗಳನ್ನು ಕೂಡಿಸಿ, ಒಪ್ಪುತ್ತೇನೆ. ಹದಿನಾರು ವರ್ಷದವರಿಗೆ ಕೆಮಿಸ್ಟ್ರಿ ಲ್ಯಾಬು ಬೇಕು, ಎರಡು ಭಾಷೆ ಬೇಕು, ಆಡಲು ಒಂದು ತಂಡ ಬೇಕು. ಆದರೆ ಪುಟ್ಟ ಮಕ್ಕಳ ಶಾಲೆ ಊರಲ್ಲೇ ಇರಬೇಕು. ಜನವರಿಯಲ್ಲಿ ಬೆಳಗ್ಗೆ ಆರೂವರೆಗೆ ಕತ್ತಲೆಯಲ್ಲಿ ಏಳು ವರ್ಷದ ಮಗು ರಸ್ತೆಯ ಪಕ್ಕ ಬಸ್ಸಿಗೆ ಕಾಯುವುದನ್ನು ನೋಡಿದ್ದೇನೆ. ಟೋಪಿಯ ಮೇಲೆಲ್ಲ ಹಿಮ, ಕಣ್ಣು ಅರ್ಧ ಮುಚ್ಚಿದೆ. ಆ ಮಗು ಶಾಲೆಗೆ ಹೋಗಿ ಏನು ಕಲಿಯುತ್ತದೆ ಹೇಳಿ?

ಈಗ ನೀವು ಮಾಡಬೇಕಾದ್ದು. ಮುಚ್ಚುವ ಪ್ರಸ್ತಾಪದ ಸಭೆಗೆ ಹೋಗಿ ಮೂರು ವಿಷಯ ಕೇಳಿ: ಬಸ್ಸಿನಲ್ಲಿ ಅತಿ ದೂರದ ಮಗು ಎಷ್ಟು ನಿಮಿಷ ಕೂರುತ್ತದೆ, ಮುಚ್ಚಿದರೆ ನಿಜವಾಗಿ ಎಷ್ಟು ಉಳಿಯುತ್ತದೆ, ಆ ಕಟ್ಟಡ ಆಮೇಲೆ ಏನಾಗುತ್ತದೆ. ಉತ್ತರ ಬರೆದು ಕೊಡಿ ಅನ್ನಿ. ಎರಡನೆಯದು, ಪ್ರತಿ ವರ್ಷ ಏಪ್ರಿಲ್‌ನಲ್ಲಿ ಆದಾಯ ತೆರಿಗೆಯ ಗಡುವಿನೊಳಗೆ ಹೋಮ್‌ಸ್ಟೆಡ್ ಡಿಕ್ಲರೇಶನ್ (ಇದು ನಾನೇ ವಾಸವಿರುವ ಮನೆ ಅನ್ನುವ ಘೋಷಣೆ) ತುಂಬಿದಿರಾ ನೋಡಿಕೊಳ್ಳಿ. ಆದಾಯ ಮಿತಿಯೊಳಗಿದ್ದರೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆ. ಒಮ್ಮೆ ತುಂಬಿದರೆ ಸಾಕು ಅಂದುಕೊಂಡು ಎಷ್ಟೋ ಜನ ಬಿಟ್ಟುಬಿಡುತ್ತಾರೆ. ನಾನೇ ಒಂದು ವರ್ಷ ಬಿಟ್ಟು ದಂಡ ಕಟ್ಟಿದ್ದೇನೆ.

ಪ್ರಶ್ನೆ: ನವೆಂಬರ್‌ನಲ್ಲಿ ನಮ್ಮ ಕಾಡಿನೊಳಗೆ ಬಂದೂಕು ಹಿಡಿದ ಇಬ್ಬರನ್ನು ನೋಡಿ ನಡುಗಿಹೋದೆ. ನಮ್ಮ ಜಾಗಕ್ಕೆ ನಮ್ಮನ್ನು ಕೇಳದೆ ಹೇಗೆ ಬರುತ್ತಾರೆ?
— ಹನ್ನೆರಡು ಎಕರೆಯ ಒಡತಿ

ಉತ್ತರ: ಬರಬಹುದು, ಅದೂ ಸಂವಿಧಾನದ ಪ್ರಕಾರ. ವರ್ಮಾಂಟ್ ಸಂವಿಧಾನದಲ್ಲೇ ಬೇಲಿ ಇಲ್ಲದ ಬೇರೆಯವರ ಜಾಗದಲ್ಲೂ ಸೀಸನ್ನಿನಲ್ಲಿ ಬೇಟೆಯಾಡುವ ಸ್ವಾತಂತ್ರ್ಯ ಕೊಟ್ಟಿದ್ದಾರೆ. ಬೇಡ ಅನ್ನುವವರು ಜಾಗವನ್ನು ‘ಪೋಸ್ಟ್’ ಮಾಡಬೇಕು. 400 ಅಡಿಗೊಂದರಂತೆ ಬೋರ್ಡು, ಮೂಲೆಗಳಲ್ಲೂ ಬೋರ್ಡು. ಅದರ ಮೇಲೆ ಆ ವರ್ಷದ ತಾರೀಖು. ಜೊತೆಗೆ ಪ್ರತಿ ವರ್ಷ ಟೌನ್ ಕ್ಲರ್ಕ್ ಹತ್ತಿರ 5 ಡಾಲರ್ ಕಟ್ಟಿ ನೋಂದಾಯಿಸಬೇಕು. ಇದರಲ್ಲಿ ಒಂದು ಬಿಟ್ಟರೂ ಕಾನೂನಿನಲ್ಲಿ ನಿಲ್ಲುವುದಿಲ್ಲ.

ನಾನು ಪೋಸ್ಟ್ ಮಾಡಿಲ್ಲ. ಜಿಂಕೆಗಳು ಸಸಿಯನ್ನೆಲ್ಲ ತಿಂದು ಹೊಸ ಮರ ಏಳಲು ಬಿಡುವುದಿಲ್ಲ, ಮತ್ತು ಹಲವು ಮನೆಗಳಲ್ಲಿ ಆ ಮಾಂಸವೇ ಚಳಿಗಾಲದ ಊಟ. ಆದರೆ ನಿಮ್ಮ ಭಯವೂ ಸುಳ್ಳಲ್ಲ. ಮಧ್ಯದ ದಾರಿ ಒಂದಿದೆ. ‘ಅನುಮತಿ ಕೇಳಿ ಬನ್ನಿ’ ಅನ್ನುವ ಬೋರ್ಡು ಕೂಡ ಸಿಗುತ್ತದೆ. ಅದನ್ನು ಹಾಕಿದರೆ ಬಂದು ಬಾಗಿಲು ತಟ್ಟುತ್ತಾರೆ, ಮುಖ ಪರಿಚಯ ಆಗುತ್ತದೆ, ಮನೆಯ ಹಿಂದಿನ ಗದ್ದೆಗೆ ಬರಬೇಡಿ ಅಂತ ನೀವೇ ಹೇಳಬಹುದು. ಜಿಂಕೆ ಬೇಟೆಯ ರೈಫಲ್ ಸೀಸನ್ ನವೆಂಬರ್‌ನ ನಾಲ್ಕನೇ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ 12 ದಿನ ಮೊದಲು ಶುರುವಾಗಿ 16 ದಿನ ನಡೆಯುತ್ತದೆ. ಆ ದಿನಗಳಲ್ಲಿ ಕಾಡಿನ ಅಂಚಿಗೆ ಹೋದರೂ ಕಿತ್ತಳೆ ಬಣ್ಣದ ಜಾಕೆಟ್ ಹಾಕಿ. ನಾಯಿಗೂ ಹಾಕಿ.

ಪ್ರಶ್ನೆ: ಅಡುಗೆಮನೆಯ ಕಸ ತೊಟ್ಟಿಗೆ ಹಾಕುವಂತಿಲ್ಲ ಅನ್ನುತ್ತಾರೆ, ಹಿತ್ತಿಲಲ್ಲಿ ಹಾಕಿದರೆ ಕರಡಿ ಬರುತ್ತದೆ. ಏನು ಮಾಡೋದು?

ಉತ್ತರ: 2020ರ ಜುಲೈ 1ರಿಂದ ಆಹಾರದ ಕಸವನ್ನು ಮಾಮೂಲು ಕಸದ ಜೊತೆ ಹಾಕುವಂತಿಲ್ಲ, ನಿಜ. ಮನೆಯಲ್ಲೇ ಗೊಬ್ಬರ ಮಾಡುವವರು ಮಾಂಸ, ಮೂಳೆ ಮಾತ್ರ ಕಸಕ್ಕೆ ಹಾಕಬಹುದು. ಅವನ್ನು ಗುಂಡಿಗೆ ಹಾಕಲೇಬೇಡಿ, ಕರಡಿಗೆ ಕರೆ ಕಳಿಸಿದಂತೆ. ಒಂದು ಪಾಲು ಅಡುಗೆ ಕಸಕ್ಕೆ ಮೂರು ಪಾಲು ಒಣ ಎಲೆ ಹಾಕಿ ಮುಚ್ಚಿದರೆ ವಾಸನೆ ಬರಲ್ಲ. ಹಕ್ಕಿಯ ಕಾಳಿನ ಡಬ್ಬಿಯನ್ನು ಮಾರ್ಚ್ ಕೊನೆಗೆ ಇಳಿಸಿ, ಡಿಸೆಂಬರ್‌ಗೆ ಮತ್ತೆ ಹಾಕಿ. ನಮ್ಮ ಮನೆಯ ಕಬ್ಬಿಣದ ಕಂಬವನ್ನು ಕರಡಿ ಹುಲ್ಲಿನ ಕಡ್ಡಿಯ ಹಾಗೆ ಬಗ್ಗಿಸಿ ಕಾಳು ತಿಂದು ಹೋಗಿತ್ತು. ಮನೆಯ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗುತ್ತದೆ. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಪ್ರಶ್ನೆ: ನಮ್ಮ ಪಕ್ಕದ ಹೊಲದಲ್ಲಿ ಬಾಡಿಗೆ ಮನೆಗಳು ಬರುತ್ತವಂತೆ. ಊರಿನ ಚೆಲುವು ಹೋಗುತ್ತದೆ ಅಂತ ಸಹಿ ಸಂಗ್ರಹಿಸುತ್ತಿದ್ದಾರೆ, ನನ್ನನ್ನೂ ಕೇಳಿದ್ದಾರೆ. ಹಾಕಲಾ?
— ಐದು ವರ್ಷದಿಂದ ಇಲ್ಲಿರುವ ದಂಪತಿ

ಉತ್ತರ: ಚೆಲುವನ್ನು ಕಾಪಾಡಿದ್ದರಲ್ಲಿ ಈ ರಾಜ್ಯಕ್ಕೆ ಒಳ್ಳೆಯ ಹೆಸರಿದೆ. 1968ರಲ್ಲೇ ರಸ್ತೆ ಬದಿಯ ಜಾಹೀರಾತು ಫಲಕಗಳನ್ನು ನಿಷೇಧಿಸಿದರು. 1970ರ ಆಕ್ಟ್ 250 ದೊಡ್ಡ ಕಟ್ಟಡ ಕೆಲಸವನ್ನು ನೀರು, ಮಣ್ಣು, ರಸ್ತೆ, ನೋಟ ಅಂತ ಹತ್ತು ಕಡೆಯಿಂದ ಪರೀಕ್ಷಿಸುತ್ತದೆ. ಅವು ಇಲ್ಲದಿದ್ದರೆ ನಾವು ನೀವು ಇಲ್ಲಿಗೆ ಬರುತ್ತಲೇ ಇರಲಿಲ್ಲವೇನೋ.

ಆದರೆ ಮನೆ ಇಲ್ಲ. ದಾದಿಗೆ ಇಲ್ಲ, ಮೇಷ್ಟರಿಗೆ ಇಲ್ಲ, ಹಿಮ ತೆಗೆಯುವ ಹುಡುಗನಿಗೆ ಇಲ್ಲ. ರಜೆಗೆ ಮಾತ್ರ ತೆರೆಯುವ ಮನೆಗಳ ಪಾಲು ಮೇನ್ ರಾಜ್ಯ ಬಿಟ್ಟರೆ ಇಲ್ಲೇ ಜಾಸ್ತಿ. ಹಳೆಯ ಊರುಗಳೆಲ್ಲ ಗಿರಣಿಗಾಗಿ ಹೊಳೆ ಪಕ್ಕ ಕಟ್ಟಿದವು. ಸಮತಟ್ಟು ಜಾಗ, ಒಳಚರಂಡಿ, ಅಂಗಡಿ ಎಲ್ಲ ಅಲ್ಲೇ. ನೆರೆ ಬರುವುದೂ ಅಲ್ಲೇ. 2011ರಲ್ಲಿ ಐರೀನ್ ಚಂಡಮಾರುತ ಬಂತು. 2023ರ ಜುಲೈ 10, 11ರಂದು ಮಾಂಟ್‌ಪೀಲಿಯರ್ ಪೇಟೆ ನೀರಲ್ಲಿ ಮುಳುಗಿತು. ಸರಿಯಾಗಿ ಒಂದು ವರ್ಷಕ್ಕೆ, ಅದೇ ತಾರೀಖಿಗೆ, ರಾಜ್ಯದಲ್ಲಿ ಮತ್ತೆ ನೆರೆ. ಮನೆ ಕಳೆದುಕೊಂಡವರು ಎಲ್ಲಿಗೆ ಹೋಗಬೇಕು? ಬೆಟ್ಟದ ಮೇಲೆ ಒಳಚರಂಡಿ ಇಲ್ಲ, ಅಲ್ಲಿ ಪ್ರತಿ ಮನೆಗೂ ಸೆಪ್ಟಿಕ್ ಗುಂಡಿ ತೋಡಬೇಕು, ಎಲ್ಲ ಮಣ್ಣೂ ಅದಕ್ಕೆ ಆಗಲ್ಲ. ಅದಕ್ಕೇ 2023ರ ಕಾನೂನು ಊರಿನ ನೀರು ಮತ್ತು ಒಳಚರಂಡಿ ಇರುವ ಕಡೆ ಒಂದೇ ಜಾಗದಲ್ಲಿ ನಾಲ್ಕು ಮನೆಯವರೆಗೆ ಬಿಟ್ಟಿದೆ, 2024ರಲ್ಲಿ ಆಕ್ಟ್ 250 ಕೂಡ ಊರಿನ ನಡುವಿನ ಜಾಗಗಳಿಗೆ ಸಡಿಲವಾಗಿದೆ.

ಆ ಹೊಲ ನೆರೆಯ ಮಟ್ಟಕ್ಕಿಂತ ಮೇಲಿದೆಯಾ, ಊರಿನ ಒಳಚರಂಡಿ ಅಲ್ಲಿಗೆ ಬರುತ್ತದಾ, ಅಂಗಡಿಗೆ ನಡೆದು ಹೋಗಬಹುದಾ ಅಂತ ನೋಡಿ. ಮೂರಕ್ಕೂ ಹೌದು ಅಂದರೆ ಸಹಿ ಹಾಕಬೇಡಿ. ನಿಮಗೂ ಐದು ವರ್ಷದ ಹಿಂದೆ ಯಾರೋ ಜಾಗ ಬಿಟ್ಟುಕೊಟ್ಟಿದ್ದಾರೆ. ಲೈಟಿನ ಎತ್ತರ, ಮರ ನೆಡುವುದು, ಗಾಡಿ ನಿಲ್ಲಿಸುವ ಜಾಗ ಇವುಗಳ ಬಗ್ಗೆ ಗಟ್ಟಿಯಾಗಿ ಕೇಳಿ. ಪಕ್ಕದ ಜಮೀನಿನವರ ಮಾತಿಗೆ ಅಲ್ಲಿ ಬೆಲೆ ಇದೆ.

ಪ್ರಶ್ನೆ: ಅಕ್ಟೋಬರ್‌ನಲ್ಲಿ ಮಗಳ ಮನೆಗೆ ಬರುತ್ತಿದ್ದೇನೆ. ಬಣ್ಣದ ಎಲೆ ನೋಡುವ ಆಸೆ. ಆದರೆ ಅಲ್ಲಿನವರಿಗೆ ಹಾಗೆ ನೋಡಲು ಬರುವವರು ಇಷ್ಟ ಇಲ್ಲ ಅಂತ ಮಗಳು ಹೇಳುತ್ತಾಳೆ. ಹೌದಾ?
— ಮೊದಲ ಸಲ ಬರುತ್ತಿರುವ ಅಮ್ಮ

ಉತ್ತರ: ಬನ್ನಿ ಅಮ್ಮಾ, ಖುಷಿಯಾಗಿ ಬನ್ನಿ. ಊಟದ ಅಂಗಡಿ, ಲಾಡ್ಜು, ಸೇಬಿನ ತೋಟದವರಿಗೆ ಆ ನಾಲ್ಕೈದು ವಾರದ ದುಡಿಮೆ ದೊಡ್ಡದು. ಬೇಜಾರು ಬಂದಿರುವುದು ಬೇರೆ ಕಾರಣಕ್ಕೆ. ಪಾಮ್‌ಫ್ರೆಟ್ ಅನ್ನುವ ಊರಿನಲ್ಲಿ ಒಂದು ಫಾರ್ಮಿನ ಫೋಟೋ ಇನ್‌ಸ್ಟಾಗ್ರಾಂನಲ್ಲಿ ಹರಡಿ, ಜನ ಕಿರಿದಾದ ಮಣ್ಣಿನ ರಸ್ತೆಯಲ್ಲಿ ಕಾರು ನಿಲ್ಲಿಸಿ, ಗೇಟು ದಾಟಿ ಒಳಗೆ ಹೋಗಲು ಶುರು ಮಾಡಿದರು. 2023ರಲ್ಲಿ ಊರಿನವರು ಸೀಸನ್ ಮುಗಿಯುವವರೆಗೆ ಆ ರಸ್ತೆಯನ್ನು ಹೊರಗಿನವರಿಗೆ ಮುಚ್ಚಿದರು. ನೀವು ಹಾಗೆ ಮಾಡುವವರಲ್ಲ.

ಮಗಳಿಗೆ ಒಂದು ಮಾತು ಹೇಳಿ: ಉತ್ತರದಲ್ಲಿ ಮತ್ತು ಎತ್ತರದಲ್ಲಿ ಎಲೆ ಮೊದಲು ಕೆಂಪಾಗುತ್ತದೆ, ಆಮೇಲೆ ದಕ್ಷಿಣಕ್ಕೂ ಕಣಿವೆಗೂ ಇಳಿಯುತ್ತದೆ. ಅಕ್ಟೋಬರ್ ಮೊದಲ ವಾರ ಬಂದರೆ ಉತ್ತರಕ್ಕೆ ಹೋಗಿ, ಮಧ್ಯದಲ್ಲಿ ಬಂದರೆ ದಕ್ಷಿಣಕ್ಕೆ. ವಾರದ ದಿನ ಹೋಗಿ. ಗಾಡಿಯನ್ನು ಪೂರ್ತಿ ಪಕ್ಕಕ್ಕೆ ಹಾಕಿ ನಿಲ್ಲಿಸಿ, ಹಾಲಿನ ಟ್ಯಾಂಕರ್ ಹೋಗಲು ಜಾಗ ಬೇಕು. ಬೆಚ್ಚಗಿನ ಸ್ವೆಟರ್ ಮರೆಯಬೇಡಿ, ಬೆಳಗ್ಗೆ ಹುಲ್ಲಿನ ಮೇಲೆ ಆಗಲೇ ಬಿಳಿ ಇಬ್ಬನಿ ಕಟ್ಟಿರುತ್ತದೆ.